ಕಪ್ಪು ಪರದೆಯಲ್ಲಿ ಸೋಲಿನ ಬಣ್ಣ

ಫೆಬ್ರವರಿ 30, 2319
ಕೆಳಊರು, ಕೋಲಾರ ಸೀಮೆ

ಕಂಪ್ಯೂಟರಿನ ಮುಂದೆ ಕೂತಿರುವ ಹಳೆಗಾಲದ ಗೆಳೆಯರೇ,

ತಾರೀಖು ತಪ್ಪಿಲ್ಲ. ಫೆಬ್ರವರಿಯೊಂದಕ್ಕೇ ಏಕೆ ಕಡಿಮೆ ಎಂದು ಜಗಳ ಮಾಡಿ ನಾವು ಅದಕ್ಕೂ ಮೂವತ್ತು ದಿನ ಕೊಡಿಸಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಮುನ್ನೂರು ವರ್ಷದಲ್ಲಿ ಭಾಷೆ ಸವೆದಿದೆ, ಸಿಟ್ಟು ಸವೆದಿಲ್ಲ.

ಮೇಲಿನ ನೆಲ ಕಾದ ಹೆಂಚಾದ ಮೇಲೆ ನಮ್ಮ ಅಜ್ಜಂದಿರು ಹಳೆಯ ಚಿನ್ನದ ಗಣಿಯ ಸುರಂಗಗಳಿಗೆ ಇಳಿದರು. ಇಲ್ಲಿ ಬೀದಿಬೀದಿಗೆ ಗಾಳಿ ಹಂಚುವ ಪ್ರೋಗ್ರಾಂ ಇದೆ, ಅದನ್ನು ಗಾಳಿಲೆಕ್ಕ ಎನ್ನುತ್ತೇವೆ. ಅದು ಸರಿಯಿದೆಯೇ ಎಂದು ದಿನವೂ ನಡೆಸುವ ಪರೀಕ್ಷೆಗೆ ಒರೆ ಎಂದು ಹೆಸರು. ಹಿಂದೆ ಇದೆಲ್ಲ ಒಂದು ಕಂಪನಿಯ ಕೈಯಲ್ಲಿತ್ತು. ಕೆಂಪು ಕಂಡರೆ ಜನ ಗಾಬರಿಯಾಗುತ್ತಾರೆಂದು ಆ ಮಹಾನುಭಾವರು ಒರೆಯಲ್ಲಿ ಗೆದ್ದದ್ದನ್ನೂ ಸೋತದ್ದನ್ನೂ ಒಂದೇ ತಿಳಿನೀಲಿಯಲ್ಲಿ ತೋರಿಸಿದರು. ಅದಕ್ಕೆ ಸಮಾಧಾನಬಣ್ಣ ಎಂದು ಹೆಸರಿಟ್ಟರು. ಪರದೆ ತಿಳಿನೀಲಿಯಾಗಿ ನಗುತ್ತಿದ್ದಾಗಲೇ ಕೊನೆಯ ಬೀದಿಯ ಫ್ಯಾನು ನಿಂತಿತ್ತು. ಉಸಿರುಕಟ್ಟಿ ಸತ್ತವರಲ್ಲಿ ನಮ್ಮೊಡನೆ ದುಡಿಯುವ ಚೌಡಕ್ಕನ ತಂಗಿಯೂ ಒಬ್ಬಳು. ನಾವು ಮುಷ್ಕರ ಹೂಡಿ ಕಂಪನಿಯಿಂದ ಪರದೆಯನ್ನು ಕಿತ್ತುಕೊಂಡೆವು; ಬಣ್ಣ ಮಾತ್ರ ಹಳೆಯದೇ ಉಳಿಯಿತು. ಅಂದಿನಿಂದ ಚೌಡಕ್ಕ ಒಂದೊಂದೇ ಬೀದಿಯ ಅಂಕಿ ಓದುತ್ತಾ ಅದರ ಮುಂದೆ ಕಾವಲು ಕೂತಳು.

ಮುಚ್ಚಿದ ಸುರಂಗವೊಂದನ್ನು ಅಗೆದಾಗ ನಿಮ್ಮ ಕಾಲದ ಕಂಪ್ಯೂಟರ್ ಸಿಕ್ಕಿತು. ಹೇಗೋ ಜೀವ ಕೊಟ್ಟೆವು. ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ ನಿಮ್ಮ ಪ್ರೋಗ್ರಾಂ ಪರೀಕ್ಷೆಗಳು ಸಾಲುಸಾಲಾಗಿ ಓಡಿದವು: ಪಾಸಾದದ್ದು ಹಸಿರು, ಫೇಲಾದದ್ದು ಕೆಂಪು. ನಮ್ಮ ಮುದುಕರು ಕಣ್ಣೊರೆಸಿಕೊಂಡರು. ಸೋಲನ್ನು ಸೋಲೆಂದೇ ತೋರಿಸುತ್ತಿದ್ದ ಕಾಲವೊಂದಿತ್ತಲ್ಲ! ನಿಮ್ಮವರೊಬ್ಬರು ಪ್ರೋಗ್ರಾಂ ನಡುವೆ ಬರೆದಿದ್ದರು: "ಕಪ್ಪಿನ ಮೇಲೆ ಕಡುನೀಲಿ ಹಾಕಿದವನು ಯಾವನಯ್ಯಾ, ನನ್ನ ಕಣ್ಣು ಹೋಯ್ತು." ಅದನ್ನೋದಿ ನಕ್ಕೆವು. ಚಹಾ ಕುಡಿಯುತ್ತಾ ಯಾವ ಬಣ್ಣ ಎಂದು ಕಿತ್ತಾಡುವಷ್ಟು ಪುರುಸೊತ್ತು ನಿಮಗಿತ್ತು. ನಾನು ಕಾಣದ ಆ ನಿಮ್ಮ ಸಂಜೆಗಳ ಮೇಲೆ ನನಗೇಕೋ ಆಸೆ.

ನಮ್ಮ ಒರೆಗೂ ಬಣ್ಣ ಆರಿಸಲು ಮೊನ್ನೆ ಸಭೆ ಸೇರಿತು. ನಮ್ಮ ಕಾರ್ಮಿಕ ಸಂಘದ ಅಧ್ಯಕ್ಷ ಅಂತೋಣಿ ಎದ್ದು ಗುಡುಗಿದ: "ಕೆಂಪು ನಮ್ ಬಾವುಟದ ಬಣ್ಣ ಕಣ್ರಪ್ಪಾ! ಅದನ್ನ ಫೇಲಿಗೆ ಹಾಕದಾ? ಗೆದ್ದಿದ್ದು ಕೆಂಪಲ್ಲಿ ಬರ್ಲಿ!" ಚಪ್ಪಾಳೆಯೋ ಚಪ್ಪಾಳೆ. ಹೋರಾಟದಲ್ಲಿ ಬೆಳೆದ ನಮ್ಮಂಥವರಿಗೆ ಮಾತ್ರ ಹೊಳೆಯುವ ಹುಚ್ಚು ಅದು. ಚೌಡಕ್ಕ ಕೂತಲ್ಲಿಂದಲೇ ಅಂದಳು: "ಯಾವ್ದಕ್ಕೆ ಯಾವ್ದನ್ನಾದ್ರೂ ಬಳ್ಕೊಳ್ಳೋ ಅಂತೋಣಿ. ನಂಗೆರಡೂ ಒಂದೇ ಸಗಣಿ ಬಣ್ಣ."

ಸಭೆ ನಕ್ಕಿತು, ಆಮೇಲೆ ಅವಳು ತಮಾಷೆ ಮಾಡುತ್ತಿಲ್ಲವೆಂದು ತಿಳಿಯಿತು. ಎಲ್ಲವೂ ತಿಳಿನೀಲಿಯಾಗಿದ್ದಾಗ ಅವಳ ಕಣ್ಣಿಗೆ ಕೆಂಪು ಹಸಿರು ಬೇರೆಯಾಗಿ ಕಾಣುವುದಿಲ್ಲವೆಂದು ಗೊತ್ತಾಗುವುದಾದರೂ ಹೇಗೆ? "ಹಂಗಾದ್ರೆ ಕುರ್ಚಿ ಬಿಡಕ್ಕಾ" ಎಂದಿತು ಹಿಂದಿನಿಂದ ಒಂದು ದನಿ.

"ನನ್ ತಂಗಿ ಹೋದ್ಮೇಲೆ ಕೂತ ಕುರ್ಚಿ ಇದು. ಏಳಲ್ಲ. ಬಾವುಟ ಎತ್ತೋದು ಅನ್ಯಾಯ ಆದಾಗ್ಲೇ ಅಲ್ವೇನ್ರೋ? ಕೆಂಪು ಸೋತಿದ್ದಕ್ಕೇ ಇರ್ಲಿ. ಪಕ್ದಲ್ಲಿ ಸೋತೈತೆ ಅಂತ ಅಕ್ಷರದಲ್ಲೂ ಬರೀರಿ. ಓದಕ್ಕೆ ಬರ್ತೈತೆ ನಂಗೆ."

ಅಂತೋಣಿ ತಲೆ ಕೆರೆದುಕೊಂಡು ಕೂತ. ಚೌಡಕ್ಕ ಹೇಳಿದ್ದೇ ಆಯಿತು.

ಗೆಳೆಯರೇ, ನೀವು ಇಂದು ಆರಿಸುವ ಬಣ್ಣದ ಮುಂದೆ ನಾಳೆ ಯಾರ ಕಣ್ಣು ಕೂತಿರುತ್ತದೋ ನಿಮಗೆ ತಿಳಿಯದು. ಬಣ್ಣವೊಂದನ್ನೇ ನಂಬಿದ ಪರದೆ ಯಾರನ್ನೋ ಬಾಗಿಲಾಚೆ ನಿಲ್ಲಿಸುತ್ತದೆ. ಬಾಗಿಲಾಚೆ ನಿಂತು ನಿಂತು ನಮ್ಮ ಜನಕ್ಕೆ ಸಾಕಾಗಿದೆ. ಬಣ್ಣ ಹಚ್ಚಿ, ಚೆಂದವಾಗಿಯೇ ಹಚ್ಚಿ. ಪಕ್ಕದಲ್ಲಿ ಒಂದು ಮಾತನ್ನೂ ಬರೆಯಿರಿ.

ಇಷ್ಟು ಬರೆಯುವಷ್ಟರಲ್ಲಿ ಚೌಡಕ್ಕ ಪರದೆ ಓದಿ ಕೂಗುತ್ತಿದ್ದಾಳೆ: "ಏಳನೇ ಬೀದಿ, ಸೋತೈತೆ! ಎದ್ದೇಳ್ರೋ!" ಫ್ಯಾನು ರಿಪೇರಿಯ ಪಾನಾ ಹಿಡಿದು ಓಡುತ್ತಿದ್ದೇವೆ. ಅಲ್ಲಿನವರು ಇನ್ನೂ ಉಸಿರಾಡುತ್ತಿದ್ದಾರೆ.