ತಂಪುಕೋಣೆಯ ಬಾಗಿಲು

ನವೆಂಬರ್ 19, ಮಂಗಳವಾರ

ಶಾಲಾ ಬಸ್ಸಿನ ಮಕ್ಕಳನ್ನೆಲ್ಲ ಇಳಿಸಿ ಮನೆ ಸೇರುವಷ್ಟರಲ್ಲಿ ಕತ್ತಲು. ಊಟಕ್ಕೆ ಮುಂಚೆ ಚಳಿ ತಡೆಯುವ ಇನ್ನೆರಡು ಹಲಗೆ ಅಂಟಿಸಿದೆ. ನೆಲಮಾಳಿಗೆಯ ಉತ್ತರದ ಗೋಡೆಯನ್ನು ಸ್ಲಾವ್ಕೊ ಮುಗಿಸಿದ್ದ. ಪೂರ್ವದ ಗೋಡೆಯಿಂದ ಮುಂದಕ್ಕೆ ನನ್ನದು. ಥರ್ಮಾಕೋಲಿನ ಜಾತಿಯದೇ, ಆದರೆ ಗಟ್ಟಿ, ಗುಲಾಬಿ ಬಣ್ಣ. ಅಳೆ, ಚಾಕುವಿನಲ್ಲಿ ಗೀರು, ಮುರಿ, ಗೋಂದು ಹಚ್ಚು, ಕಾಂಕ್ರೀಟಿಗೆ ಒತ್ತಿ ಹಿಡಿ. ಒತ್ತಿ ಹಿಡಿದಿರುವಾಗ ಯಾವ ಯೋಚನೆಯೂ ಬರುವುದಿಲ್ಲ. ಅದಕ್ಕೇ ಈ ಕೆಲಸ ಇಷ್ಟ.

ಸೆಪ್ಟೆಂಬರಿನಲ್ಲಿ ಹಲಗೆಗಳನ್ನು ತಂದಾಗ ನಾನೇ ಬೈದಿದ್ದೆ, ಮೂಗಿಗಿಂತ ಮೂಗುತಿ ಭಾರ ಅಂತ. "ಗ್ಯಾಸ್ ಬಿಲ್ಲಲ್ಲೇ ದುಡ್ಡು ಹುಟ್ಟುತ್ತೆ ಕಣೇ. ಅಮ್ಮನ ಕಾಲೂ ಬೆಚ್ಚಗಿರುತ್ತೆ" ಅಂದಿದ್ದ. ಅಕ್ಟೋಬರ್ ಕೊನೆಯಲ್ಲಿ ಗೋದಾಮಿಗೆ ಗೋಧಿ ಹಾಕಲು ಲಾರಿಗಳ ಸಾಲಿನಲ್ಲಿ ನಿಂತವನು ಸ್ಟೀರಿಂಗ್ ಮೇಲೆ ಒರಗಿದ. ಹಿಂದಿನ ಲಾರಿಯವನು ಹಾರ್ನ್ ಹೊಡೆದನಂತೆ... ಎಷ್ಟೋ ಹೊತ್ತು ಹೊಡೆದನಂತೆ.

ಅತ್ತೆ ದಿನವಿಡೀ ಕೆಳಗೇ ಇರುತ್ತಾರೆ. ಹಳೆಯ ದೇಶದಿಂದ ವಲಸೆ ಬಂದ ನಮ್ಮವರ ಎಲ್ಲ ಮನೆಗಳ ಹಾಗೆ ನಮ್ಮಲ್ಲೂ ಮೇಲಿನ ಅಡುಗೆಮನೆ ನೋಡುವುದಕ್ಕೆ, ಕೆಳಗಿನದು ಬೇಯಿಸುವುದಕ್ಕೆ. ಎಂಬತ್ತು ದಾಟಿದೆ. ಉಣ್ಣೆ ಬೂಟು ಹಾಕಿಕೊಂಡು ಈರುಳ್ಳಿ ಹೆಚ್ಚುತ್ತ ನನ್ನನ್ನೇ ನೋಡುತ್ತಾರೆ.

"ಗಂಡ ಹೋಗಿ ತಿಂಗಳಾಗಿಲ್ಲ. ಗೋಡೆಗೆ ಅಂಟು ಬಳಿಯೋ ಸಡಗರ ನೋಡು."

"ನಿಮ್ಮ ಕಾಲಿಗೇ ಅತ್ತೆ ಇದೆಲ್ಲ."

"ನನ್ನ ಕಾಲು ಹಾಗಿರಲಿ. ಮಣ್ಣು ಮಾಡೋವಾಗ್ಲೂ ನಿನ್ನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಊರವರೆಲ್ಲ ನೋಡಿದ್ರು. ದಾರ್ಕಾ, ನೀನು ಕಲ್ಲು ಕಣೇ."

ಇಲ್ಲದ್ದನ್ನು ಎಲ್ಲಿಂದ ತರಲಿ? ಗೋಂದು ಒಣಗುವವರೆಗೆ ಹಲಗೆ ಜಾರದಂತೆ ಏನಾದರೂ ಆನಿಸಬೇಕಿತ್ತು. ತರಕಾರಿ ಇಡುವ ತಂಪುಕೋಣೆಯ ಬಾಗಿಲ ಪಕ್ಕ ಮೊಳೆಗೆ ಮರದ ಬೆಣೆಯೊಂದು ದಾರ ಕಟ್ಟಿ ನೇತುಹಾಕಿತ್ತು. ಯಾಕೋ ಗೊತ್ತಿಲ್ಲ. ದಾರ ಕಿತ್ತು ಹಲಗೆಯ ಬುಡಕ್ಕೆ ಕೊಟ್ಟೆ. ಸರಿಯಾಗಿ ಕೂತಿತು.

ನವೆಂಬರ್ 30, ಶನಿವಾರ

ಪಕ್ಕದ ಮನೆಯ ಓರೆಸ್ಟಣ್ಣ ಸಹಾಯಕ್ಕೆ ಬಂದ. ಚರ್ಚಿನಲ್ಲಿ ಫಾದರ್ ಜೊತೆ ಹಾಡುವವನು. ಹಲಗೆ ಎತ್ತುವಾಗಲೂ ಬಾಯಿ ಸುಮ್ಮನಿರುವುದಿಲ್ಲ.

"ಗೋಡೆ ಅಲ್ಲ ತಾಯಿ, ಸಂದೇ ಕಳ್ಳ. ಒಂದು ಮೇಣದಬತ್ತಿ ತಾ."

ಸ್ಲಾವ್ಕೊನನ್ನು ಮಣ್ಣು ಮಾಡಿದ ದಿನದ ಬತ್ತಿ ಉಳಿದಿತ್ತು. ಗೋಡೆಯ ತಲೆಗೂ ತೊಲೆಗೂ ನಡುವಿನ ಸಂದಿನಲ್ಲಿ ಹಿಡಿದುಕೊಂಡು ಹೋದೆವು. ಜ್ವಾಲೆ ಬಾಗಿದ ಕಡೆಯೆಲ್ಲ ಗಾಳಿ ನುಗ್ಗುತ್ತಿದೆ ಅಂತ ಅರ್ಥ. ಅಲ್ಲಿ ಡಬ್ಬಿಯ ನೊರೆ ಚಿಮ್ಮಿಸಿದೆ. ಊದಿ, ಉಬ್ಬಿ, ಗಟ್ಟಿಯಾಯಿತು. ಮತ್ತೆ ಹಿಡಿದಾಗ ಜ್ವಾಲೆ ನೆಟ್ಟಗೆ.

ಗ್ಯಾಸಿನಿಂದ ಮನೆ ಬಿಸಿ ಮಾಡುವ ಫರ್ನೇಸಿನ ಹಿಂದೆ ನೊರೆ ಹಾಕಲು ಬಗ್ಗಿದಾಗ ಒಂದು ಬಾಟಲಿ ಸಿಕ್ಕಿತು. ಮೈಯೆಲ್ಲ ಧೂಳು. ಓರೆಸ್ಟಣ್ಣನ ಮುಖ ಸಪ್ಪಗಾಯಿತು.

"ಇದು ನಾನೇ ಭಟ್ಟಿ ಇಳಿಸಿ ಅವನ ಐವತ್ತನೇ ಹುಟ್ಟುಹಬ್ಬಕ್ಕೆ ಕೊಟ್ಟಿದ್ದು! ಮುಚ್ಚಳದ ಮೇಣ ಕೂಡ ಒಡೆದಿಲ್ಲವಲ್ಲ ಪುಣ್ಯಾತ್ಮ. ಅಷ್ಟು ಕೆಟ್ಟದಾಗಿತ್ತಾ?"

ವಿಚಿತ್ರ. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ. ಚಳಿ ಹೆಚ್ಚಿದ ದಿನ ಊಟವಾದ ಮೇಲೆ "ಕೆಳಗೆ ಒಂಚೂರು ನೋಡಿ ಬರ್ತೀನಿ" ಅಂತ ಇಳಿಯುತ್ತಿದ್ದ, ಐದೇ ನಿಮಿಷಕ್ಕೆ ವಾಪಸ್. ಗುಟುಕು ಹಾಕಲು ಅಂದುಕೊಂಡಿದ್ದೆ. ಅತ್ತೆಯೂ ಹಾಗೇ ಅಂದುಕೊಂಡಿದ್ದರು. ನಾವಿಬ್ಬರೂ ಒಪ್ಪಿದ್ದು ಅದೊಂದು ವಿಷಯದಲ್ಲಿ ಮಾತ್ರ.

ಹಾಗಾದರೆ ಯಾಕೆ ಇಳಿಯುತ್ತಿದ್ದ? ಕೇಳಲು ಅವನಿಲ್ಲ. ಬಾಟಲಿಯನ್ನು ಇದ್ದಲ್ಲೇ ಇಟ್ಟೆ.

ಡಿಸೆಂಬರ್ 14, ಶನಿವಾರ

ಗೋಡೆಗಳು ಮುಗಿದವು. ಓರೆಸ್ಟಣ್ಣ ಮಗಳ ಮನೆಗೆ ಹೋಗಿದ್ದಾನೆ. ಒಬ್ಬಳೇ ಮೇಣದಬತ್ತಿ ಹಿಡಿದು ಸುತ್ತಿದೆ. ಎಲ್ಲ ಕಡೆ ನೆಟ್ಟಗೆ ಉರಿಯಿತು... ತಂಪುಕೋಣೆಯ ಬಾಗಿಲ ಹತ್ತಿರ ಆರಿಯೇ ಹೋಯಿತು.

ಮುಂಬಾಗಿಲ ಕಾಂಕ್ರೀಟ್ ಮೆಟ್ಟಿಲುಗಳ ಕೆಳಗಿರುವ ಕೋಣೆ ಅದು. ಮೂರು ಕಡೆ ಮಣ್ಣು, ಹಿಮ. ಒಂದು ಕಡೆ ಮನೆ. ಎಲೆಕೋಸು, ಆಲೂಗಡ್ಡೆ, ಭರಣಿಗಳು. ಬಿಸಿಯೆಲ್ಲ ಅಲ್ಲಿಗೇ ಸೋರುತ್ತಿದ್ದರೆ ಇಷ್ಟು ದಿನ ಮೈ ಮುರಿದದ್ದು ಯಾಕೆ? ಆಲೂಗಡ್ಡೆ, ಕೋಸನ್ನೆಲ್ಲ ನೆಲಮಾಳಿಗೆಯ ಒಳಮೆಟ್ಟಿಲ ಕೆಳಗೆ ಸಾಗಿಸಿದೆ. ಉಳಿದದ್ದು ಹ್ರಿನ್ ಭರಣಿಗಳು.

ಬೀಟ್‌ರೂಟ್ ಜೊತೆ ಹ್ರಿನ್ ಅನ್ನುವ ಘಾಟು ಬೇರು ತುರಿದು ಹಾಕಿದ್ದು. ಈಸ್ಟರಿನ ಬುಟ್ಟಿಯಲ್ಲಿಟ್ಟು ಚರ್ಚಿಗೆ ಒಯ್ಯಲು. ಆ ಬೇರು ತುರಿಯುವುದು ಗಂಡಸರ ಕೆಲಸ. ಮನೆಯೊಳಗೆ ತುರಿದರೆ ಬೆಕ್ಕೂ ಅಳುತ್ತದೆ. ಅಕ್ಟೋಬರಿನ ಮೊದಲ ಹಿಮಕ್ಕೆ ಹಿತ್ತಿಲಲ್ಲಿ ಕೂತು, ಈಜುವ ಕನ್ನಡಕ ಹಾಕಿಕೊಂಡು ತುರಿದ. ಆದರೂ ಗಲ್ಲದ ಮೇಲೆಲ್ಲ ನೀರು. "ನೋಡೇ, ನಿನ್ನ ಪಾಲಿಂದೂ ಸೇರಿಸಿ ಅಳ್ತಿದ್ದೀನಿ" ಅಂದ. ಅದು ಅವನ ಕೈಯ ಕೊನೆಯ ಅಡುಗೆ. ಮುಚ್ಚಳದ ಮೇಲೆ ಅವನದೇ ಅಕ್ಷರ.

"ಭರಣಿ ಅಲ್ಲೇ ಇರಲಿ" ಅಂದರು ಅತ್ತೆ. "ಈಸ್ಟರ್ ತನಕ ಯಾರೂ ಮುಟ್ಟಬಾರದು. ನನ್ನ ಮಗ ಈ ಮನೇಲಿ ಉಳಿದಿರೋದು ಅಷ್ಟೇ."

"ಯಾರು ಮುಟ್ತಾರೆ? ಬಾಗಿಲೇ ಮುಚ್ಚಿಬಿಡ್ತೀನಿ."

"ಮುಚ್ಚು. ಭದ್ರವಾಗಿರುತ್ತೆ."

ಬಾಗಿಲಿನ ಮೇಲೆ ದಪ್ಪ ಹಲಗೆ, ಅಂಚಿಗೆ ನೊರೆ, ಸುತ್ತ ಟೇಪು. ಬತ್ತಿ ಹಿಡಿದೆ. ಅಲುಗಲಿಲ್ಲ. ಸಂತೋಷವಾಗಬೇಕಿತ್ತು. ಕೈ ತೊಳೆದು ಬಂದು ಮಲಗಿದೆ.

ಜನವರಿ 6, ಸೋಮವಾರ

ಹಳೆಯ ಪಂಚಾಂಗದ ಪ್ರಕಾರ ನಮ್ಮ ಕ್ರಿಸ್ಮಸ್ ಮುನ್ನಾದಿನ. ಗೋಧಿ, ಜೇನು, ಗಸಗಸೆಯ ಕುತ್ಯಾ. ಬೀಟ್‌ರೂಟ್ ಸಾರು, ಬೋರ್ಷ್. ಮೀನು. ತೀರಿಕೊಂಡವರಿಗೆಂದು ಒಂದು ತಟ್ಟೆ ಹೆಚ್ಚಿಗೆ ಇಟ್ಟೆವು. ಪ್ರತಿ ವರ್ಷ ಅದು ಮಾವನವರದು. ಈ ಸಲ ಯಾರದು? ಅತ್ತೆ ಅತ್ತರು. ನಾನು ಬಡಿಸಿದೆ.

ಉಣ್ಣುವಾಗ ಗಮನಿಸಿದೆ, ಅತ್ತೆಯ ಕಾಲಿನಲ್ಲಿ ಬೂಟು ಇಲ್ಲ. ಬರೀ ಕಾಲುಚೀಲ.

"ನೆಲ ಬೆಚ್ಚಗಿದೆ" ಅಂದರು ತಟ್ಟೆ ನೋಡುತ್ತ. ಈ ಮನೆಗೆ ಕಾಲಿಟ್ಟಾಗಿನಿಂದ ಅವರ ಬಾಯಲ್ಲಿ ಕೇಳಿದ ಮೊದಲ ಪ್ರಶಂಸೆ. ಸ್ಲಾವ್ಕೊನಿಗೆ ಹೇಳಬೇಕು ಅಂದುಕೊಂಡೆ. ಆಮೇಲೆ ನೆನಪಾಯಿತು.

ಜನವರಿ 17, ಶುಕ್ರವಾರ

ಮೈನಸ್ ಮೂವತ್ತೆಂಟು. ಬಸ್ಸುಗಳೆಲ್ಲ ರದ್ದು, ಮೂರು ದಿನದಿಂದ. ಗ್ಯಾಸ್ ಬಿಲ್ಲು ಬಂತು. ಹೋದ ವರ್ಷದ್ದಕ್ಕಿಂತ ಎಷ್ಟೋ ಕಡಿಮೆ. ಫರ್ನೇಸು ಹೊತ್ತಿಕೊಳ್ಳುವುದೇ ಅಪರೂಪ, ಮನೆ ನಿಶ್ಶಬ್ದ. ಅವನು ಹೇಳಿದ್ದು ಸರಿ. ನಾನು ಬೈದದ್ದು ತಪ್ಪು.

ಬಿಲ್ಲನ್ನು ಫ್ರಿಡ್ಜಿಗೆ ಅಂಟಿಸಿದೆ. ಯಾರು ನೋಡಲಿ ಅಂತಲೋ.

ಜನವರಿ 25, ಶನಿವಾರ. ಬೆಳಿಗ್ಗೆ

ಮನೆಗೆ ತೀರ್ಥ ಹಾಕಲು ಫಾದರ್ ಮಿರೋನ್ ಬರುತ್ತಾರೆ. ಅತ್ತೆ ಐದಕ್ಕೇ ಎದ್ದು ಕಪಾಟಿನ ಬಾಗಿಲುಗಳನ್ನೂ ಒರೆಸುತ್ತಿದ್ದಾರೆ.

ಅದೇ ದಿನ, ಮಧ್ಯಾಹ್ನ

ಬರೆಯಬೇಕೋ ಬೇಡವೋ. ಬರೆಯುತ್ತೇನೆ.

ಫಾದರ್ ಕುಂಚದಲ್ಲಿ ತೀರ್ಥ ಚಿಮುಕಿಸುತ್ತ ಮುಂದೆ, ಓರೆಸ್ಟಣ್ಣ ಹಾಡುತ್ತ ಹಿಂದೆ. ಮೇಲಿನ ಕೋಣೆಗಳಾದವು. ಕೆಳಗಿಳಿದರು. ಒಲೆಗೆ, ಫರ್ನೇಸಿಗೆ, ನನ್ನ ಗುಲಾಬಿ ಗೋಡೆಗಳಿಗೆ. ಮುಗಿಯಿತು ಅಂದುಕೊಂಡರೆ ಅತ್ತೆ ತಂಪುಕೋಣೆಯ ಮುಂದೆ ನಿಂತುಬಿಟ್ಟರು.

"ಇದು ಬಾಕಿ ಇದೆ ಫಾದರ್. ನನ್ನ ಮಗನ ಭರಣಿಗಳಿವೆ."

"ಹೊರಗಿಂದಲೇ ಹಾಕಿದರಾಯ್ತಮ್ಮ."

"ಯಾಕೆ, ದೇವರು ಪ್ಲಾಸ್ಟಿಕ್ ತೂರ್ಕೊಂಡು ಹೋಗ್ತಾನಾ? ದಾರ್ಕಾ, ತೆಗಿಯೇ."

ಚಾಕು ತಂದು ಟೇಪು ಕೊಯ್ದೆ. ಹಲಗೆ ಕಿತ್ತೆ. ಬಾಗಿಲಿಗೆ ಹಿಮ ಹಿಡಿದಿತ್ತು; ಓರೆಸ್ಟಣ್ಣ ಭುಜ ಕೊಟ್ಟು ದೂಡಬೇಕಾಯಿತು. ದೀಪ ಹಾಕಿದೆ.

ಭರಣಿಗಳೆಲ್ಲ ಒಡೆದಿದ್ದವು. ಒಂದೂ ಬಿಟ್ಟಿಲ್ಲ. ಗಾಜು ಸೀಳಿ ಹೊರಗೆ ಬಿದ್ದಿದೆ, ಒಳಗಿನದು ಭರಣಿಯ ಆಕಾರದಲ್ಲೇ ನಿಂತಿದೆ. ಕೆಂಪು ಮಂಜುಗಡ್ಡೆ. ತಲೆಯ ಮೇಲೆ ಅವನ ಅಕ್ಷರದ ಮುಚ್ಚಳ.

ಓರೆಸ್ಟಣ್ಣನ ಹಾಡು ನಿಂತಿತು. "ಬಾಗಿಲಿಗೂ ಹಲಗೆ ಅಂಟಿಸಿಬಿಟ್ಟೆಯಾ ತಾಯಿ... ಮನೆ ಕಡೆಯಿಂದ ಸೋರೋ ಬಿಸಿ ಒಂದೇ ಅಲ್ವಾ ಈ ಕೋಣೆಗೆ ಗತಿ? ಚಳಿ ಜೋರಾದ ಸಂಜೆ ನಾವೆಲ್ಲ ಬಾಗಿಲು ಒಂಚೂರು ಓರೆ ಮಾಡಿಡ್ತೀವಿ. ಸ್ಲಾವ್ಕೊನೂ ಮಾಡ್ತಿದ್ದ. ಬೆಣೆ ಇತ್ತಲ್ಲ ಇಲ್ಲಿ, ಮೊಳೆಗೆ?"

ಬೆಣೆ. ಊಟವಾದ ಮೇಲೆ ಐದು ನಿಮಿಷ. ಕೆಳಗೆ ಒಂಚೂರು ನೋಡಿ ಬರ್ತೀನಿ.

ಫಾದರ್ ಏನು ಮಾಡುವುದೆಂದು ತೋಚದೆ ಆ ಗಾಜಿನ ಮೇಲೆಯೇ ತೀರ್ಥ ಚಿಮುಕಿಸಿದರು. ಅತ್ತೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗೋಡೆ ಹಿಡಿದುಕೊಂಡು ಹೋಗಿ ಮಲಗಿದರು.

ಜನವರಿ 26, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಗಾಜು ಆರಿಸಿದೆ. ಕೆಂಪು ಗಡ್ಡೆಗಳನ್ನು ಬಟ್ಟೆ ಒಗೆಯುವ ತೊಟ್ಟಿಗೆ ಹಾಕಿ ಬಿಸಿನೀರು ಬಿಟ್ಟೆ. ಹೆಪ್ಪುಗಟ್ಟಿದ್ದಾಗ ವಾಸನೆಯೇ ಇರಲಿಲ್ಲ. ಕರಗಿದ ಕೂಡಲೇ ಎದ್ದಿತು. ಮೂಗಿನಿಂದ ನೆತ್ತಿಗೆ. ಕಣ್ಣಿನಿಂದ ಧಾರಾಕಾರ. ಕಿಟಕಿ ತೆರೆಯೋಣವೆಂದರೆ ಕಿಟಕಿಗಳಿಗೂ ನಾನೇ ನೊರೆ ಹಾಕಿದ್ದೇನೆ.

ಅತ್ತೆ ಬಂದು ಬಾಗಿಲಲ್ಲಿ ನಿಂತರು.

"ಅಂತೂ ಅತ್ಬಿಟ್ಟೆಯಲ್ಲ."

"ಅಳ್ತಿಲ್ಲ ಅತ್ತೆ. ಹ್ರಿನ್."

"ಹೂಂ. ಹ್ರಿನ್." ಅವರ ಕಣ್ಣೂ ಸುರಿಯುತ್ತಿತ್ತು. ಸ್ಟೂಲು ಎಳೆದು ಪಕ್ಕದಲ್ಲಿ ಕೂತರು. "ಮುಚ್ಚು ಅಂದವಳು ನಾನೇ" ಅಂದರು. "ಮಗ ಕುಡಿಯೋಕೆ ಇಳೀತಾನೆ ಅಂತ ಊರೆಲ್ಲ ಹೇಳ್ಕೊಂಡು ಬಂದವಳೂ ನಾನೇ."

"ನಾನೂ ಅದನ್ನೇ ಅಂದ್ಕೊಂಡಿದ್ದೆ."

"ಬೇರು ಇನ್ನೂ ಹಿತ್ತಿಲ ಮಣ್ಣಲ್ಲೇ ಇದೆ. ಅದಕ್ಕೆ ಚಳಿ ಏನೂ ಮಾಡಲ್ಲ. ಹಿಮ ಕರಗಿದ ಮೇಲೆ ಅಗಿ. ಈ ಸಲ ನೀನೇ ತುರಿ."

"ಗಂಡಸರ ಕೆಲಸ ಅಲ್ವಾ ಅದು?"

"ಗಂಡಸರು ಎಲ್ಲಿದ್ದಾರೆ ಈ ಮನೇಲಿ?"

ಸಂಜೆ ತಂಪುಕೋಣೆಯ ಬಾಗಿಲಿನ ನೊರೆ ಕೆರೆದು ತೆಗೆದೆ. ಹಲಗೆಯ ಬುಡದಿಂದ ಬೆಣೆ ಬಿಡಿಸಿ, ಹೊಸ ದಾರ ಕಟ್ಟಿ ಮೊಳೆಗೆ ಹಾಕಿದೆ. ಆಲೂಗಡ್ಡೆ, ಕೋಸು ಮತ್ತೆ ಒಳಗೆ.

ಫೆಬ್ರವರಿ 3, ಸೋಮವಾರ. ಸಂಜೆ

ಮತ್ತೆ ಮೈನಸ್ ಮೂವತ್ತು. ಅತ್ತೆ ಬೇಗ ಉಂಡು ಮಲಗಿದರು. ಪಾತ್ರೆ ತೊಳೆದು ಕೆಳಗಿಳಿದೆ. ಬೆಣೆ ಕೊಟ್ಟು ಬಾಗಿಲು ಓರೆ ಮಾಡಿದೆ. ನಾಲ್ಕು ಬೆರಳಿನಷ್ಟು. ಆಲೂಗಡ್ಡೆಗೆ ಅಷ್ಟು ಸಾಕು. ಅವನು ಎಷ್ಟು ತೆರೆಯುತ್ತಿದ್ದನೋ. ಆ ಐದು ನಿಮಿಷ ಇಲ್ಲಿ ನಿಂತು ಏನು ಯೋಚಿಸುತ್ತಿದ್ದನೋ. ಒಂದು ದಿನವಾದರೂ ಜೊತೆಗೆ ಇಳಿಯಬಹುದಿತ್ತು.

ವಾಪಸ್ ಹತ್ತುವಾಗ ಮೆಟ್ಟಿಲು ಕಿರುಗುಟ್ಟಿತು. ಮೇಲಿನಿಂದ ಅತ್ತೆಯ ದನಿ, ನಿದ್ದೆಗಣ್ಣಿನಲ್ಲಿ.

"ಸ್ಲಾವ್ಕೊ? ಬಾಗಿಲು ಓರೆ ಮಾಡಿದೆಯೇನೋ?"

"ಅತ್ತೆ, ನಾನು ದಾರ್ಕಾ" ಅನ್ನಬೇಕಿತ್ತು. ಬಾಯಿ ತೆರೆದರೆ ಬಂದದ್ದು ಮಾತಲ್ಲ. ಮೆಟ್ಟಿಲ ಮೇಲೇ ಕೂತೆ. ಕೂತೇ ಬರೆಯುತ್ತಿದ್ದೇನೆ, ಏಪ್ರನ್ ಜೇಬಿನಲ್ಲಿ ಈ ಪುಸ್ತಕವಿತ್ತು. ಕಾಗದವೆಲ್ಲ ಒದ್ದೆ. ಈ ಸಲ ಹ್ರಿನ್ ಮೇಲೆ ಹಾಕುವ ಹಾಗಿಲ್ಲ.

ಎದ್ದರು ಅನ್ನಿಸುತ್ತೆ... ಕಾಲುಚೀಲದ ಸದ್ದು. ದೀಪ ಹಾಕದೇ ಬರುತ್ತಿದ್ದಾರೆ, ಈ ಮೇಲಿನ ಮೆಟ್ಟಿಲು ಬೇರೆ ಸಡಿಲ, ಹೋಗಿ ಕೈ ಹಿಡಿಯ...