ಏಳನೇ ನಂಬರಿನ ಡಬ್ಬಿ

ಮಹಾಲ್, ನಾಗಪುರ
೧೧ ಫೆಬ್ರವರಿ ೨೦೨೫

ಅರಬ್ಬೀ ಸಮುದ್ರಾಧೀಶ್ವರಿ, ಸಕಲ ಸುಳಿಗಳ ಸಾಮ್ರಾಜ್ಞಿ, ಶ್ರೀಮತ್ ಚಾರುಲತಾ ಅಕ್ಕನವರ ಪಾದಾರವಿಂದಗಳಿಗೆ, ಸಮುದ್ರವನ್ನು ಭೂಪಟದಲ್ಲಷ್ಟೇ ಕಂಡ ತಂಗಿ ನಿಕಿತಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಹಡಗಿನಲ್ಲಿ ವಾಂತಿ ನಿಂತಿತೇ? ಊಟ ಸೇರುತ್ತಿದೆಯೇ? ಫೋನ್ ಹತ್ತದ ಕಡೆ ಇದ್ದೀಯೆಂದು ಈ-ಮೇಲಿನಲ್ಲೇ ಕೇಳುತ್ತಿದ್ದೇನೆ. ಇಲ್ಲಿ ಅಪ್ಪ, ಅಮ್ಮ ಆರಾಮ. ನಾನು ಹೇಗಿದ್ದೇನೆಂದು ಈ ಮನೆಯಲ್ಲಿ ಯಾರೂ ಕೇಳಿಲ್ಲವಾದ್ದರಿಂದ ನನಗೂ ಖಚಿತವಾಗಿ ಗೊತ್ತಿಲ್ಲ.

ಕಾರಣ, ನೀರಿನ ಹರಿವು ಅಳೆಯಲೆಂದು ನೀನು ಸಮುದ್ರಕ್ಕೆ ಬಿಟ್ಟ ಆ ತೇಲುವ ಡಬ್ಬಿ, ನಂಬರ್ ಏಳು. ಅದು ಎಲ್ಲಿದೆಯೆಂದು ತೋರಿಸುವ ನಕ್ಷೆಯನ್ನು ನನ್ನ ಫೋನಿಗೆ ಹಾಕಿಕೊಟ್ಟು ಹೋದೆಯಲ್ಲ, ಅಂದಿನಿಂದ ನಾನು ಅದರ ಖಾಸಾ ಕಾರ್ಯದರ್ಶಿ. ಬೆಳಗಾದರೆ ಅಮ್ಮನದು ಒಂದೇ ರಾಗ: “ನಿಕ್ಕಿ, ಏಳನೇದು ಎಲ್ಲಿಗೆ ಬಂತ ನೋಡ ಜಲ್ದಿ. ಛಾ ಆಮ್ಯಾಲೆ.” ಕಳೆದ ವಾರ ನನಗೆ ಜ್ವರ. ಅಮ್ಮ ನನ್ನ ಹಣೆ ಮುಟ್ಟಿ, “ಅಲ್ಲೆ ನೀರು ಭಾಳ ಥಂಡಿ ಇರತದೇನ?” ಎಂದಳು. ನಿನ್ನ ಮೇಲ್ ಓದಿ ಹೇಳಿದರೂ ನಂಬುವುದಿಲ್ಲ. “ಮನಷ್ಯಾರು ಆರಾಮ ಇದ್ದೀವಂತ ಸುಳ್ಳು ಬರೀತಾರ, ಡಬ್ಬಿ ಸುಳ್ಳು ಹೇಳಂಗಿಲ್ಲ. ಅದು ಹೊಂಟದಂದ್ರ ನಮ್ಮ ಚಾರೂನೂ ಬರೋಬರ್ ಇದ್ದಾಳ.” ಅದು ಸುಳಿಯಲ್ಲಿ ಸಿಕ್ಕು ಗಿರಗಿರ ತಿರುಗತೊಡಗಿದಾಗ ಅಮ್ಮನಿಗೆ ಊಟ ಸೇರಲಿಲ್ಲ. ಪಕ್ಕದ ಮನೆಯ ಗಂಗೂಬಾಯಿಯೇ, “ಪ್ರದಕ್ಷಿಣಿ ಹಾಕ್ಲಿಕ್ಹತ್ತದ ಬಿಡ್ರಿ, ಪುಣ್ಯವಂತ ಡಬ್ಬಿ” ಎಂದು ಸಮಾಧಾನ ಮಾಡಿದರು.

ಹೋಗುವ ಮುಂಚೆ ನೀನು ನಿನ್ನ ಗಣಿತವನ್ನು ಸಾರಿನ ಪಾತ್ರೆಯಲ್ಲಿ ತೋರಿಸಿದ್ದೆ. ಅಕ್ಕಪಕ್ಕ ಹಾಕಿದ ಎರಡು ಕರಿಬೇವಿನೆಲೆಗಳಲ್ಲಿ ಒಂದು ಅಂಚಿಗೆ ಹೋಯಿತು, ಇನ್ನೊಂದು ನಡುವೆಯೇ ಸುತ್ತಿತು. ಹರಿಯುವ ನೀರಿನಲ್ಲಿ ಕಣ್ಣಿಗೆ ಕಾಣದ ಗೆರೆಗಳಿರುತ್ತವೆ, ಈಚೆ ಬಿದ್ದದ್ದರ ದಾರಿಯೇ ಬೇರೆ, ಆಚೆ ಬಿದ್ದದ್ದರ ದಾರಿಯೇ ಬೇರೆ, ಆ ಗೆರೆಗಳನ್ನು ಲೆಕ್ಕ ಹಾಕಿ ಹುಡುಕುವುದೇ ನನ್ನ ಕೆಲಸ ಎಂದಿದ್ದೆ. ನಾನೂ ನಕ್ಷೆಯಲ್ಲಿ ನೋಡಿದೆ. ಏಳರ ಮಗ್ಗುಲಲ್ಲೇ ನೀನು ಬಿಟ್ಟ ಆರನೇ ಡಬ್ಬಿ ಗೆರೆಯ ಆಚೆ ಬಿದ್ದು, ಯಾವ ಸುಳಿಗೂ ಸಿಗದೆ, ಯಾರ ತಂಟೆಗೂ ಹೋಗದೆ, ದಕ್ಷಿಣಕ್ಕೆ ತೇಲುತ್ತಿದೆ. ಅದು ಎಲ್ಲಿಗೆ ಬಂತೆಂದು ಅಮ್ಮ ಒಂದು ದಿನವೂ ಕೇಳಿಲ್ಲ. ಅಕ್ಕಾ, ಆ ಆರನೇದು ನಾನೇ.

ಮಹಾರಾಣಿಯವರು ಹೊತ್ತಿಗೆ ಸರಿಯಾಗಿ ಉಂಡು, ಕಿವಿಗೆ ಗಾಳಿ ಹೊಗದಂತೆ ಸ್ಕಾರ್ಫ್ ಕಟ್ಟಿಕೊಳ್ಳತಕ್ಕದ್ದು. ಇದು ಅಪ್ಪನ ಆಜ್ಞೆ.

ಇಂತಿ,
ಆ ಡಬ್ಬಿಯ ಆಜನ್ಮ ವೈರಿ,
ನಿಕಿತಾ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಮ್ಮ ಈ ಕಡೆಯೇ ಬರುತ್ತಿದ್ದಾಳೆ. ಶುಕ್ರವಾರದಿಂದ ಏಳರ ಸುದ್ದಿಯೇ ಇಲ್ಲ, ನಕ್ಷೆಯಲ್ಲಿ ಅದರ ಚುಕ್ಕೆ ಆರಿಹೋಗಿದೆ. ಅಮ್ಮನಿಗೆ ಹೇಳಿಲ್ಲ. ದಿನಾ ಬೆಳಿಗ್ಗೆ ಅವಳು ಕೇಳಿದಾಗ ನಾನೇ ಬಾಯಿಮಾತಿನಲ್ಲಿ ಅದನ್ನು ಸ್ವಲ್ಪ ಸ್ವಲ್ಪ ಮುಂದೆ ಕಳಿಸುತ್ತಿದ್ದೇನೆ. ನಿನ್ನೆ ಸುಳಿ ದಾಟಿಸಿಬಿಟ್ಟೆ. ಅಮ್ಮ ಶಿರಾ ಮಾಡಿದಳು. ಇನ್ನು ಅದು ಯಾವ ಕಡೆ ಹೋಗಬೇಕು, ನಿನ್ನ ಗೆರೆಗಳನ್ನು ನೋಡಿ ಜಲ್ದಿ ತಿಳಿಸು. ಅದನ್ನು ತಪ್ಪು ದಾರಿಗೆ ಹಚ್ಚಲು ನನಗೆ ಮನಸ್ಸು ಬರುತ್ತಿಲ್ಲ.