ಇಲ್ಲದ ಕೀಲಿಮಣೆ

ಬುಧವಾರ, ಮಾರ್ಚ್ ೧೨

ತಂಗೀ, ನಿನ್ನ ಮಂಡಿನೋವು, ಭಾವನವರ ಕೆಮ್ಮು ಹೇಗಿವೆ? ಕಳಿಸದ ಈ ದಿನಚರಿ ಪುಟದಲ್ಲೂ ಕೇಳುವ ಚಾಳಿ ನನ್ನದು.

ಲಕ್ವ ಹೊಡೆದು ಮಾತು ನಿಂತ ಅಣ್ಣ ಒಂದೇ ಗುಂಡಿ ಒತ್ತಿ ಬರೆಯಲೆಂದು, ಇಲ್ಲದ ಕೀಲಿಮಣೆಯೊಂದನ್ನು ಇದೆಯೆಂದು ಕಂಪ್ಯೂಟರಿಗೆ ನಂಬಿಸುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಹಜಾರದಲ್ಲಿ ಕೂತು, ತಂತಿಯ ಮೂಲಕ ಕೋಣೆಯಲ್ಲಿದ್ದ ಅವನ ಕಂಪ್ಯೂಟರಿಗೆ ಅದನ್ನು ಸೇರಿಸಿದೆ. ನನ್ನ ಪರದೆಯಲ್ಲಿ ಒಂದಕ್ಷರವೂ ಮೂಡಲಿಲ್ಲ. ಸೋತು ತೆಗೆಯಹೋದರೆ, "ಬಳಕೆಯಲ್ಲಿದೆ" ಎಂದು ಕಂಪ್ಯೂಟರನ್ನು ಒಳಗಿಂದ ಆಳುವ ಕರ್ನಲ್ ಹಟ ಹಿಡಿಯಿತು. ಯಾರ ಬಳಕೆ? ತಲೆಬುಡ ತಿಳಿಯಲಿಲ್ಲ.

ಕೋಣೆಯಿಂದ ಅತ್ತಿಗೆ ಕೂಗಿದರು: "ಏನೂ ಕೀಳ್ಬೇಡಪ್ಪಾ! ನಿಮ್ಮಣ್ಣ ಬರೀತಿದಾರೆ!"

ಅಕ್ಷರಗಳೆಲ್ಲ ಅವನ ಪರದೆಗೆ ಹೋಗಿದ್ದವು: "ಕಾಫಿಗೆ ಸಕ್ಕರೆ ಸಾಲದು."

"ಇಷ್ಟು ತಿಂಗಳ ಮೇಲೆ ಬಾಯಿ ಬಂತು, ಬಂದಿದ್ದೇ ದೂರು ನೋಡು!" ಎಂದು ಅತ್ತಿಗೆ ನಗುತ್ತಲೇ ಕಣ್ಣೊರೆಸಿಕೊಂಡರು.

ಅದು ಹೇಗೆ ಕೆಲಸ ಮಾಡುತ್ತಿದೆಯೋ ನನಗಿನ್ನೂ ಅರ್ಥವಾಗಿಲ್ಲ. ಮುಟ್ಟಲು ಧೈರ್ಯವೂ ಇಲ್ಲ. ನಾಳೆ ನಿನಗೆ ಅವನೇ ಬರೆಯುತ್ತಾನಂತೆ. ಉತ್ತರ ಅವನ ಹೆಸರಿಗೇ ಬರಲಿ ತಂಗಿ, ಬೇಗ...